ಮೈಕ್ ಹಿಡಿದವನ ಸಾಕ್ಷಿ

ಕಾಮೆಂಟರಿಗೆ ಕನ್ನಡದಲ್ಲಿ 'ವೀಕ್ಷಕ ವಿವರಣೆ' ಎನ್ನುತ್ತಾರೆ. ಹಿಂದಿ ರೇಡಿಯೋದವರು 'ಆಂಖೋಂ ದೇಖಾ ಹಾಲ್' ಎಂದರು. ಮಲಯಾಳಂನಲ್ಲಿ ಅದು 'ದೃಕ್‌ಸಾಕ್ಷಿ ವಿವರಣಂ', ಅಂದರೆ ಕಣ್ಣಾರೆ ಕಂಡವನ ಹೇಳಿಕೆ. ನಮ್ಮ ಮನೆಯಲ್ಲಿ ಬ್ಯಾರಿ ಮಾತಾಡುವಾಗ ಬರೀ 'ಕಾಮೆಂಟ್ರಿ' ಎನ್ನುತ್ತಿದ್ದೆವು. ಆದರೂ ಈ ಮಲಯಾಳಂ ಹೆಸರು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಕೆಲಸವೂ ಮೈದಾನದಲ್ಲಿ ಮೈಕ್ ಹಿಡಿದವನ ಕೆಲಸವೂ ಒಂದೇ. ಯಾರು, ಯಾವಾಗ, ಎಲ್ಲಿ, ಏನು ಮಾಡಿದರು ಎಂದು ಹೇಳಬೇಕು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿಕೊಂಡು ಮಂಗಳೂರಿನಿಂದ ಕೊಯಮತ್ತೂರಿಗೆ ಬಂದವನು. ಇರುವುದು ತುಡಿಯಲೂರಿನಲ್ಲಿ. ಮೇಟ್ಟುಪಾಳಯಂ ರಸ್ತೆಯ ಈ ಊರು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿತು. ಸುತ್ತಮುತ್ತ ಪಂಪು, ಮೋಟಾರು, ಎರಕದ ಕಾರ್ಖಾನೆಗಳು. ರಜೆಯ ದಿನ ಇಲ್ಲಿನ ಹೈಸ್ಕೂಲು ಹುಡುಗರ ಫುಟ್‌ಬಾಲ್ ಪಂದ್ಯಗಳಿಗೆ ನಾನು ಕಾಮೆಂಟರಿ ಹೇಳುತ್ತೇನೆ. ಭಾಷೆ ತಮಿಳು. ನಡುವೆ ಕರಾವಳಿಯ ರಾಗ ಬಂದರೆ ಜನ ನಗುತ್ತಾರೆ, ಬೇಡವೆನ್ನುವುದಿಲ್ಲ. ಕೂರುವ ಜಾಗ ಆರಡಿ ಉದ್ದ, ಐದಡಿ ಅಗಲದ ತಗಡಿನ ಗೂಡು. ಅದರಲ್ಲಿ ಆಂಪ್ಲಿಫೈಯರ್, ಸ್ಕೋರ್ ಬರೆಯುವ ಹುಡುಗ, ನಾನು, ನೀರಿನ ಕ್ಯಾನು. ಮಧ್ಯಾಹ್ನ ಎರಡು ಗಂಟೆಗೆ ತಗಡು ಕಾದರೆ ದೋಸೆ ಹುಯ್ಯಬಹುದು.

ಈ ಇಕ್ಕಟ್ಟು ಕಸುಬಿನ ಜೊತೆಗೇ ಹುಟ್ಟಿದ್ದು. ಬಿಬಿಸಿ ಮೊದಲ ಸಲ ಫುಟ್‌ಬಾಲ್ ಪಂದ್ಯವನ್ನು ರೇಡಿಯೋದಲ್ಲಿ ನೇರವಾಗಿ ಬಿತ್ತರಿಸಿದ್ದು 1927ರ ಜನವರಿ 22ರಂದು, ಲಂಡನ್ನಿನ ಹೈಬರಿ ಮೈದಾನದಿಂದ. ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಿನ ಆ ಪಂದ್ಯ 1-1ರಲ್ಲಿ ಮುಗಿಯಿತು. ವಿವರಿಸಿದವರು ಟೆಡ್ಡಿ ವೇಕ್‌ಲಮ್. ಅವರು ಕೂತಿದ್ದೂ ಒಂದು ಮರದ ಗೂಡಿನಲ್ಲೇ. ರೇಡಿಯೋ ಟೈಮ್ಸ್ ಪತ್ರಿಕೆ ಮೊದಲೇ ಮೈದಾನದ ನಕ್ಷೆಯನ್ನು ಎಂಟು ಚೌಕಗಳಾಗಿ ಭಾಗಿಸಿ ಅಚ್ಚು ಹಾಕಿತ್ತು. ವೇಕ್‌ಲಮ್ ಆಟ ಹೇಳುತ್ತಿದ್ದರೆ ಪಕ್ಕದಲ್ಲಿದ್ದವರು ಚೆಂಡು ಇರುವ ಚೌಕದ ನಂಬರು ಹೇಳುತ್ತಿದ್ದರು. ಕೇಳುಗರು ಮನೆಯಲ್ಲಿ ನಕ್ಷೆ ಹಿಡಿದು ಚೆಂಡಿನ ಹಿಂದೆ ಹೋಗುತ್ತಿದ್ದರು.

ಅದಕ್ಕೂ ಒಂದು ವಾರ ಮೊದಲು ಟ್ವಿಕೆನ್‌ಹ್ಯಾಂನಲ್ಲಿ ಇಂಗ್ಲೆಂಡ್–ವೇಲ್ಸ್ ರಗ್ಬಿ ಪಂದ್ಯಕ್ಕೂ ವೇಕ್‌ಲಮ್ ಅವರದೇ ವಿವರಣೆ. ಆಗ ಬಿಬಿಸಿಯವರು ಗೂಡಿನ ಕಿಟಕಿಯ ಮುಂದೆ ಕಣ್ಣು ಕಾಣದ ಒಬ್ಬರನ್ನು ಕೂರಿಸಿ, ಈ ಮನುಷ್ಯನಿಗೆ ಆಟ ತೋರಿಸುವಂತೆ ಮಾತಾಡಿ ಎಂದಿದ್ದರು. ಕಾಮೆಂಟರಿ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ ಗಮನಿಸಿ. ಆಗ ಆಟಗಾರರ ಬೆನ್ನ ಮೇಲೆ ನಂಬರೇ ಇರಲಿಲ್ಲ. ಇಂಗ್ಲಿಷ್ ಲೀಗಿನಲ್ಲಿ ನಂಬರು ಹಾಕಿ ಆಡಿ ನೋಡಿದ್ದು 1928ರ ಆಗಸ್ಟಿನಲ್ಲಿ, ಕಡ್ಡಾಯವಾಗಿದ್ದು 1939ರಲ್ಲಿ. ಅಲ್ಲಿಯವರೆಗೆ ಕಾಮೆಂಟರಿಯವನು ನಡಿಗೆ, ಕೂದಲು, ಮೈಕಟ್ಟು ನೋಡಿಯೇ ಆಟಗಾರನ ಹೆಸರು ಹೇಳಬೇಕಿತ್ತು. ನಮ್ಮ ಶಾಲೆಯ ಮೈದಾನಗಳಲ್ಲಿ ಇವತ್ತಿಗೂ ಹಾಗೆಯೇ. ಅಣ್ಣನ ಜೆರ್ಸಿ ತಮ್ಮನಿಗೆ ಬಂದಿರುತ್ತದೆ. ಒಂದೇ ತಂಡದಲ್ಲಿ ಎರಡು ಹತ್ತನೇ ನಂಬರು ಓಡುತ್ತಿರುತ್ತವೆ.

ನಮ್ಮ ದೇಶದಲ್ಲಿ ರೇಡಿಯೋ ಕ್ರೀಡಾ ವಿವರಣೆ ಕ್ರಿಕೆಟ್ಟಿನಿಂದ ಶುರುವಾಯಿತು. 1934ರಲ್ಲಿ ಬೊಂಬಾಯಿಯಲ್ಲಿ ಬಾಬಿ ತಲ್ಯಾರ್‌ಖಾನ್ ಮೈಕ್ ಮುಂದೆ ಕೂತರು. ದಿನವಿಡೀ ಒಬ್ಬರೇ ಮಾತಾಡಬಲ್ಲ ಮನುಷ್ಯ, ಮೈಕನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಒಪ್ಪುತ್ತಿರಲಿಲ್ಲ. ಮರುವರ್ಷ, 1935ರಲ್ಲಿ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. ಕೊಯಮತ್ತೂರಿಗೆ ಆಕಾಶವಾಣಿ ಕೇಂದ್ರ ಬಂದಿದ್ದು 1966ರಲ್ಲಿ, ಮಂಗಳೂರಿಗೆ 1976ರಲ್ಲಿ. ಅದಕ್ಕೂ ಮೊದಲು ಕರಾವಳಿಯ ನಮ್ಮವರಿಗೆ ಫುಟ್‌ಬಾಲ್ ಬರುತ್ತಿದ್ದುದು ತೆಂಕಣದಿಂದ, ಮಲಯಾಳಂನಲ್ಲಿ. ಕೋಝಿಕ್ಕೋಡಿನಲ್ಲಿ 1952ರಲ್ಲಿ ಶುರುವಾದ ಸೇಟ್ ನಾಗ್ಜಿ ಟ್ರೋಫಿಯ ಹೆಸರನ್ನು ಬಾಪ ಈಗಲೂ ಊರಿನ ನೇರ್ಚೆಯ ಹಾಗೆ ಹೇಳುತ್ತಾರೆ. ಬಾಪನ ದಿನಸಿ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಟ್ರಾನ್ಸಿಸ್ಟರ್ ಇರುತ್ತಿತ್ತು. ಗೋಲಾದರೆ ಸಾಮಾನು ಕಟ್ಟುವ ಪೇಪರಿನ ಅಂಚಿನಲ್ಲಿ ಸ್ಕೋರ್ ಬರೆದಿಡುತ್ತಿದ್ದರು. ಆ ಪೇಪರಿನಲ್ಲೇ ಸಕ್ಕರೆ ಕಟ್ಟಿ ಕೊಟ್ಟರೆ ದಾಖಲೆಯೂ ಗಿರಾಕಿಯ ಮನೆಗೆ ಹೋಯಿತು!

ನಾನು ಹೇಳಬೇಕೆಂದಿರುವುದು ಈ ದಾಖಲೆಯ ವಿಷಯವೇ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತವಾಗಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಸೇನಾ ತಂಡಗಳು ಮೆರೆಯುತ್ತಿದ್ದ ಕಾಲ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಒಬ್ಬರಾದರು. ಇಷ್ಟನ್ನು ನಾನು ಇವತ್ತು ಬರೆಯಲು ಆಗುತ್ತಿರುವುದು ಅಂದು ಯಾರೋ ನೋಡಿ, ಹೆಸರು ಹಿಡಿದು, ಹೇಳಿ, ಬರೆದಿಟ್ಟದ್ದರಿಂದ.

ಕೊಯಮತ್ತೂರಿನದೇ ಉದಾಹರಣೆ ನೋಡಿ. 2019ರ ಮಾರ್ಚ್ 9ರಂದು ಇಲ್ಲಿನ ನೆಹರೂ ಸ್ಟೇಡಿಯಂನಲ್ಲಿ ಚೆನ್ನೈ ಸಿಟಿ ತಂಡ ಮಿನರ್ವ ಪಂಜಾಬನ್ನು 3-1ರಿಂದ ಸೋಲಿಸಿ ಐ-ಲೀಗ್ ಗೆದ್ದಿತು. ಹೆಸರು ಚೆನ್ನೈಯದು, ತವರು ಮೈದಾನ ಕೊಯಮತ್ತೂರಿನದು. ಆ ಋತುವಿನಲ್ಲಿ ಪೆಡ್ರೊ ಮಾಂಜಿ ಹೊಡೆದ 21 ಗೋಲುಗಳ ಲೆಕ್ಕ ಯಾರಿಗೆ ಬೇಕಾದರೂ ಸಿಗುತ್ತದೆ. ಆ ಸ್ಟೇಡಿಯಂನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ನಮ್ಮ ಶಾಲಾ ಮೈದಾನದಲ್ಲಿ ಕಳೆದ ವರ್ಷ ಯಾರು ಎಷ್ಟು ಗೋಲು ಹೊಡೆದರು ಎಂದರೆ ಯಾರೂ ಹೇಳಲಾರರು. ಸುಬ್ರೊತೊ ಕಪ್ 1960ರಿಂದ ಶಾಲೆಗಳಿಗಾಗಿ ನಡೆಯುತ್ತಿದೆ. ದೆಹಲಿ ತಲುಪಿದ ತಂಡದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಮೊದಲ ಸುತ್ತಿನಲ್ಲೇ ಸೋತ ಶಾಲೆಯ ಗೋಲ್‌ಕೀಪರ್ ಆರು ಚೆಂಡು ತಡೆದಿದ್ದರೂ ಅವನ ಸರ್ಟಿಫಿಕೇಟಿನಲ್ಲಿ ಇರುವುದು 'ಭಾಗವಹಿಸಿದ್ದಾನೆ' ಎಂಬ ಒಂದೇ ಮಾತು.

ಎರಕದ ಕೆಲಸದಲ್ಲಿ ಹೀಟ್ ನಂಬರ್ ಎಂದು ಇದೆ. ಕುಲುಮೆಯಿಂದ ಒಂದು ಸಲ ಇಳಿಸಿದ ಲೋಹಕ್ಕೆ ಒಂದು ನಂಬರು. ಮುಂದೆ ಎಲ್ಲೋ ಪಂಪಿನ ಬಾಡಿ ಬಿರುಕು ಬಿಟ್ಟರೆ ಆ ನಂಬರು ಹಿಡಿದು ಯಾವ ದಿನದ, ಯಾವ ಕುಲುಮೆಯ ಮಾಲು ಎಂದು ಹುಡುಕುತ್ತಾರೆ. ಕಬ್ಬಿಣಕ್ಕೆ ಇರುವ ಈ ಮರ್ಯಾದೆ ಆಡುವ ಮಕ್ಕಳಿಗೂ ಇರಬೇಕಲ್ಲವೇ?

ಹಾಗಾಗಿ ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಎರಡೂ ತಂಡದ ಹುಡುಗರ ಹತ್ತಿರ ಹೋಗಿ ಹೆಸರು ಬರೆದುಕೊಳ್ಳುತ್ತೇನೆ. ಇಲ್ಲಿ ಒಂದೇ ತಂಡದಲ್ಲಿ ಮೂವರು ಕಾರ್ತಿಕ್ ಇರುತ್ತಾರೆ, ಇನಿಷಿಯಲ್ ಹಿಡಿದು ಬಿಡಿಸಬೇಕು. ನಮ್ಮ ಊರಿನಲ್ಲಾದರೆ ಐವರು ಮುಹಮ್ಮದ್. ಹಾಜರಿ ಪುಸ್ತಕದ ಅಬ್ದುಲ್ ರಹ್ಮಾನ್ ಮೈದಾನದಲ್ಲಿ 'ಅದ್ರಾಮ' ಆಗಿರುತ್ತಾನೆ. ಎರಡನ್ನೂ ಬರೆದುಕೊಳ್ಳಬೇಕು. ಸ್ಪೀಕರಿನಲ್ಲಿ ತನ್ನ ಹೆಸರು ಸರಿಯಾಗಿ ಕೇಳಿದ ಹುಡುಗ ಓಡುವ ರೀತಿಯೇ ಬೇರೆ. ಪಂದ್ಯ ಮುಗಿದ ಮೇಲೆ ಗೋಲು ಹೊಡೆದವರು, ನಿಮಿಷ, ಪಾಸ್ ಕೊಟ್ಟವರು, ಗೋಲಿಯ ತಡೆಗಳು, ಇಷ್ಟನ್ನು ಒಂದು ಪುಟಕ್ಕಿಳಿಸಿ ಒಂದು ಪ್ರತಿ ಪಿ.ಟಿ. ಮಾಸ್ಟರಿಗೆ ಕೊಡುತ್ತೇನೆ. ಮೊದಲು ಅವರು ನಕ್ಕಿದ್ದರು. ಈಗ ಫೈಲ್ ಮಾಡಿಟ್ಟಿದ್ದಾರೆ. ಆ ಫೈಲಿನ ಒಂದು ಪುಟದ ನಕಲನ್ನು ಹುಡುಗನೊಬ್ಬ ಕಾಲೇಜಿನ ಕ್ರೀಡಾ ವಿಭಾಗಕ್ಕೆ ಕೊಂಡುಹೋದ. ಸರ್ಟಿಫಿಕೇಟಿನ ಜೊತೆ ಅದನ್ನೂ ಓದಿ ಅವನನ್ನು ಟ್ರಯಲ್ಸ್‌ಗೆ ಕರೆದರು.

ಭಾಷೆಯ ಮಾತೂ ಇದೆ. 2022ರ ವಿಶ್ವಕಪ್ ಫುಟ್‌ಬಾಲನ್ನು ಜಿಯೋಸಿನಿಮಾದಲ್ಲಿ ತಮಿಳು, ಮಲಯಾಳಂ, ಬಂಗಾಳಿಯಲ್ಲಿ ಕೇಳಬಹುದಿತ್ತು. ಕನ್ನಡದಲ್ಲಿ ಇರಲಿಲ್ಲ. ಬ್ಯಾರಿಯ ಮಾತಂತೂ ದೂರ. ಆದರೆ ಕರಾವಳಿಯ ಗದ್ದೆಗಳಲ್ಲಿ ತುಳು, ಕನ್ನಡ, ಬ್ಯಾರಿ ಬೆರೆಸಿ ಕಾಮೆಂಟರಿ ಹೇಳುವವರು ಇದ್ದೇ ಇದ್ದಾರೆ. ಅವರ ಮಾತು ರಾತ್ರಿ ಸ್ಪೀಕರ್ ಇಳಿಸುವಾಗಲೇ ಮುಗಿದುಹೋಗುತ್ತದೆ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆಯಲ್ಲ, ಧ್ವನಿಯನ್ನಾದರೂ ಹಿಡಿದಿಡಿ.

ಮಂಗಳೂರಿನ ನೆಹರೂ ಮೈದಾನದಲ್ಲೋ, ಬಂದರು, ಕುದ್ರೋಳಿ, ಉಳ್ಳಾಲದ ಕಡೆಯಲ್ಲೋ ಆಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಈ ವಾರ ಅವರ ಪಕ್ಕ ಕೂತು ನಾಲ್ಕು ವಿಷಯ ಕೇಳಿ: ಯಾವ ವರ್ಷ, ಯಾವ ಮೈದಾನ, ಯಾವ ಜಾಗದಲ್ಲಿ ಆಡುತ್ತಿದ್ದಿರಿ, ಜೊತೆಗೆ ಯಾರಿದ್ದರು. ಜೊತೆಗಿದ್ದವರ ಹೆಸರನ್ನು ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ ಬರೆದುಕೊಳ್ಳಿ.