ಬುಲೆಟಿನ್ ಬೋರ್ಡ್ ವ್ಯವಸ್ಥೆ: ಇತಿಹಾಸ ಮತ್ತು ಪುನರುಜ್ಜೀವನ

ಬುಲೆಟಿನ್ ಬೋರ್ಡ್ ವ್ಯವಸ್ಥೆ (ಬಿಬಿಎಸ್): ಮೋಡೆಮ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಫೋನ್ ಕರೆ ಮಾಡಿ, ಅಕ್ಷರಗಳಷ್ಟೇ ಮೂಡುವ ಪರದೆಯಲ್ಲಿ ಸಂದೇಶ ಓದಿ ಬರೆಯುವ, ಕಡತ ಹಂಚಿಕೊಳ್ಳುವ ಏರ್ಪಾಡು. ಇದನ್ನು ನಡೆಸುವವರಿಗೆ ಸಿಸಾಪ್ ಎಂದು ಹೆಸರು. ಎಷ್ಟೋ ಬಿಬಿಎಸ್‌ಗಳು ಸಿಸಾಪ್‌ನ ಮನೆಯಲ್ಲೇ, ಒಂದೇ ಫೋನ್ ಲೈನಿನ ಮೇಲೆ ನಡೆದವು. ಒಬ್ಬರು ಒಳಗಿದ್ದರೆ ಉಳಿದವರು ಸರದಿ ಕಾಯಬೇಕಿತ್ತು.

ಹುಟ್ಟು ಮತ್ತು ಹರಡುವಿಕೆ

1978ರ ಜನವರಿಯಲ್ಲಿ ಷಿಕಾಗೊ ನಗರ ಹಿಮಪಾತದಲ್ಲಿ ಸಿಲುಕಿದ್ದಾಗ ವಾರ್ಡ್ ಕ್ರಿಸ್ಟೆನ್ಸೆನ್ ಮತ್ತು ರ‍್ಯಾಂಡಿ ಸೂಸ್ ಮೊದಲ ಬಿಬಿಎಸ್ ಕಟ್ಟಲು ತೊಡಗಿದರು. ಸಿಬಿಬಿಎಸ್ ಎಂಬ ಅದು ಫೆಬ್ರವರಿ 16ರಂದು ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ಟಾಮ್ ಜೆನ್ನಿಂಗ್ಸ್ ರೂಪಿಸಿದ ಫಿಡೊನೆಟ್ ಬಿಡಿಬಿಡಿಯಾಗಿದ್ದ ಬಿಬಿಎಸ್‌ಗಳನ್ನು ಹೆಣೆಯಿತು. ಕರೆ ದರ ಇಳಿಯುವ ರಾತ್ರಿ ಹೊತ್ತಿನಲ್ಲಿ ಯಂತ್ರಗಳೇ ಪರಸ್ಪರ ಕರೆ ಮಾಡಿ, ದಿನದ ಅಂಚೆಯನ್ನು ಊರಿಂದೂರಿಗೆ ದಾಟಿಸುತ್ತಿದ್ದವು.

ಕರ್ನಾಟಕದಲ್ಲಿ

1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ತಂತ್ರಜ್ಞ ಅತುಲ್ ಚಿಟ್ನಿಸ್ (1962–2013) ಆರಂಭಿಸಿದ ಸಿಐಎಕ್ಸ್ ದೇಶದ ಮೊದಮೊದಲ ಬಿಬಿಎಸ್‌ಗಳಲ್ಲಿ ಒಂದು. ಮುಂದೆ ಮುಕ್ತ ತಂತ್ರಾಂಶ ಕುರಿತ ಲಿನಕ್ಸ್ ಬೆಂಗಳೂರು ಮತ್ತು ಫಾಸ್.ಇನ್ ಸಮ್ಮೇಳನಗಳನ್ನು ಸಂಘಟಿಸಿದವರೂ ಇವರೇ. ಅರಿವನ್ನು ಮುಕ್ತವಾಗಿ ಹಂಚುವ ಹಂಬಲ ಈ ಎರಡು ಕೆಲಸಗಳಲ್ಲೂ ಕಾಣುತ್ತದೆ.

ಬಿಬಿಎಸ್ ಮಾತ್ರ ದೊಡ್ಡ ನಗರದ ಸವಲತ್ತಾಗಿಯೇ ಉಳಿಯಿತು. ಬೆಂಗಳೂರಿನೊಳಗೆ ಅದು ಸ್ಥಳೀಯ ಕರೆ. ಸುಮಾರು ನೂರು ಕಿಲೋಮೀಟರ್ ದೂರದ ಮಂಡ್ಯದ ಗುತ್ತಲಿನಿಂದಾದರೆ ಹೆಚ್ಚಿನ ದರದ ಎಸ್‌ಟಿಡಿ ಕರೆ. ನಿಧಾನದ ಮೋಡೆಮ್‌ನಲ್ಲಿ ಕಡತ ಇಳಿಯುವಷ್ಟೂ ಹೊತ್ತು ಮೀಟರು ಓಡುತ್ತಲೇ ಇರುತ್ತಿತ್ತು. 1990ರ ದಶಕದ ಮೊದಲ ಭಾಗದಲ್ಲಿ ಬಿಬಿಎಸ್‌ಗಳಿಗೆ ಲಕ್ಷಗಟ್ಟಲೆ ರೂಪಾಯಿಯ ವಾರ್ಷಿಕ ಪರವಾನಗಿ ಶುಲ್ಕದ ನೀತಿ ಬಂದಾಗ ಹವ್ಯಾಸಿಗಳು ಪ್ರತಿಭಟಿಸಿದರು. 1995ರ ಆಗಸ್ಟ್ 15ರಂದು ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕ ಇಂಟರ್ನೆಟ್ ಸೇವೆ ಆರಂಭಿಸಿತು. ವೆಬ್ ಬೆಳೆದಂತೆ ಬಿಬಿಎಸ್ ಹಿಂದೆ ಸರಿಯಿತು.

ಪುನರುಜ್ಜೀವನ

ಮರುಹುಟ್ಟಿನಲ್ಲಿ ಫೋನ್ ಲೈನಿನ ಜಾಗಕ್ಕೆ ಇಂಟರ್ನೆಟ್ ಬಂದಿದೆ. ದೂರದ ಕಂಪ್ಯೂಟರನ್ನು ಸಂಪರ್ಕಿಸುವ ಟೆಲ್ನೆಟ್ ಅಥವಾ ಎಸ್‌ಎಸ್‌ಎಚ್ ವಿಧಾನದ ಮೂಲಕ ಜಗತ್ತಿನ ಎಲ್ಲಿಂದಲಾದರೂ ಒಳಹೋಗಬಹುದು. ಏಕಕಾಲಕ್ಕೆ ಹಲವರು ಇರಬಹುದು. ರಾಬ್ ಸ್ವಿಂಡೆಲ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಬಿಬಿಎಸ್ ತಂತ್ರಾಂಶ ಸಿಂಕ್ರೊನೆಟ್ ಇಂದು ಮುಕ್ತ ತಂತ್ರಾಂಶ. ಅದು ಬ್ರೌಸರಿನಲ್ಲೂ ತೆರೆಯುತ್ತದೆ. 1980ರ ದಶಕದ ಆರಂಭದಲ್ಲಿ ಹುಟ್ಟಿದ ಸಿಟಾಡೆಲ್ ಎಂಬ ಬಿಬಿಎಸ್ ತಂತ್ರಾಂಶದ ಪರಂಪರೆಯೂ ಮುಂದುವರಿದಿದೆ. ಹಳೆಯ ಸಂದೇಶಗಳನ್ನು ಜೇಸನ್ ಸ್ಕಾಟ್ ತಮ್ಮ ಟೆಕ್ಸ್ಟ್‌ಫೈಲ್ಸ್ ಸಂಗ್ರಹದಲ್ಲಿ ಕಾಪಾಡಿದ್ದಾರೆ. 2005ರಲ್ಲಿ ಬಿಬಿಎಸ್ ಕುರಿತ ಸಾಕ್ಷ್ಯಚಿತ್ರವನ್ನೂ ಹೊರತಂದರು.

ಟೆಲ್ನೆಟ್‌ನಲ್ಲಿ ಗುಪ್ತಪದವೂ ಗೂಢಲಿಪಿಯ ರಕ್ಷಣೆಯಿಲ್ಲದೆ ಸಾಗುವುದರಿಂದ ಹೊಸ ಬಳಕೆದಾರರಿಗೆ ಎಸ್‌ಎಸ್‌ಎಚ್ ಸುರಕ್ಷಿತ.

ಕನ್ನಡ ಲಿಪಿಯ ಪ್ರಶ್ನೆ

ಕನ್ನಡಿಗರ ಮಟ್ಟಿಗೆ ಹಳೆಯದನ್ನು ಇದ್ದಂತೆಯೇ ಎತ್ತಿ ನಿಲ್ಲಿಸಿದರೆ ಸಾಲದು. ಆಗಿನ ಪರದೆ ಸಾಮಾನ್ಯವಾಗಿ 80 ಕಂಬ, 25 ಸಾಲುಗಳ ಚೌಕಳಿ. ಒಂದು ಮನೆಗೆ ಒಂದು ಚಿಹ್ನೆ, ಒಟ್ಟು 256 ಚಿಹ್ನೆ. ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ. ಡಾಸ್ ಪರದೆಯಲ್ಲಿ ಭಾರತೀಯ ಲಿಪಿಗಳನ್ನು ತೋರಿಸಲು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಎಂಬ ಪ್ರತ್ಯೇಕ ಯಂತ್ರಾಂಶ ಬಳಕೆಗೆ ಬಂತು. ಹಲವು ಲಿಪಿಗಳನ್ನು ಒಳಗೊಳ್ಳುವ ಸಂಕೇತಪಟ್ಟಿಯಾದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ಸಿಕ್ಕಿತು. ಯೂನಿಕೋಡಿನ ಯುಟಿಎಫ್-8 ಸಂಕೇತಕ್ರಮ ಬಳಸಿದರೆ ಇಂದು ಕನ್ನಡ ಸಂದೇಶವನ್ನು ಕೆಡದಂತೆ ಸಾಗಿಸಬಹುದು.

ತೋರಿಸುವುದೇ ಉಳಿದ ತೊಡಕು. ‘ಸ್ತ್ರೀ’ ಒಂದು ಅಕ್ಷರ, ಆದರೆ ಯೂನಿಕೋಡಿನಲ್ಲಿ ಆರು ಸಂಕೇತ. ಒತ್ತಕ್ಷರ, ಗುಣಿತಗಳನ್ನು ಜೋಡಿಸಲು ಬಾರದ ಟರ್ಮಿನಲ್ ಅವನ್ನು ಬಿಡಿಸಿ ಚೆಲ್ಲುತ್ತದೆ. ಅಕ್ಷರದ ಅಗಲದ ಲೆಕ್ಕ ತಪ್ಪಿ ಸಾಲು ಜರುಗುತ್ತದೆ. ಆದ್ದರಿಂದ ಬ್ರೌಸರಿನಲ್ಲೂ ಓದಲು ಬರುವ ಬಿಬಿಎಸ್ ಕನ್ನಡಕ್ಕೆ ಹೆಚ್ಚು ಒಗ್ಗುತ್ತದೆ.

ಮಹತ್ವ

ಅಕ್ಷರಗಳಷ್ಟೇ ಸಾಗುವುದರಿಂದ ಬಿಬಿಎಸ್‌ಗೆ ಹಳೆಯ ಕಂಪ್ಯೂಟರು, ದುರ್ಬಲ ಸಂಪರ್ಕವೂ ಸಾಕು. ಎಸ್‌ಟಿಡಿ ದರದ ಅಡ್ಡಿ ಈಗಿಲ್ಲ. ಊರಿನ ಗ್ರಂಥಾಲಯವೋ ಕಾಲೇಜೋ ತನ್ನದೇ ಯಂತ್ರದಲ್ಲಿ, ತನ್ನ ಜನ ಒಪ್ಪಿದ ನಿಯಮಗಳಂತೆ ಇದನ್ನು ನಡೆಸಬಹುದು. ಬರೆದದ್ದನ್ನು ಊರಿನ ಯಂತ್ರದಲ್ಲೇ ಇಟ್ಟುಕೊಳ್ಳಬಹುದು. ಬಿಬಿಎಸ್ ಉಳಿಸಿಕೊಳ್ಳಲು ಯೋಗ್ಯವಾಗಿರುವುದು ಈ ಸ್ವಾಯತ್ತತೆಗಾಗಿ.