ಮೂರು ಸರ್ಕಾರ, ಒಂದೇ ಎಡಗಡೆ

ಕಂಪನಿ ಕೆಲಸದ ಮೇಲೆ ವಿಯೆನ್ನಾಕ್ಕೆ ಹೋದ ಮೊದಲ ವಾರ ಸಿಗ್ನಲ್ ಮುಂದೆ ಪೆಚ್ಚಾಗಿ ನಿಂತಿದ್ದೆ. ಹಸಿರು ದೀಪ ಮಿಣುಕತೊಡಗಿತು. ಕೆಟ್ಟುಹೋಗಿದೆ ಅಂದ್ಕೊಂಡೆ. ಪಕ್ಕದಲ್ಲಿದ್ದ ಸಹೋದ್ಯೋಗಿ ನಕ್ಕು, "ಇನ್ನೇನು ಹಳದಿ ಬರುತ್ತೆ ಅಂತ ಅರ್ಥ" ಅಂದ. ಆಸ್ಟ್ರಿಯಾದಲ್ಲಿ ಹಾಗೆ. ಜರ್ಮನಿಯಲ್ಲಿ ಹಸಿರು ಮಿಣುಕೋದಿಲ್ಲ, ಆದ್ರೆ ಹಸಿರು ಬರೋ ಮುಂಚೆ ಕೆಂಪು-ಹಳದಿ ಎರಡೂ ಒಟ್ಟಿಗೆ ಹತ್ತುತ್ತವೆ. ಫ್ರಾನ್ಸಿನಲ್ಲಿ ಅದೂ ಇಲ್ಲ, ಕೆಂಪಿನಿಂದ ನೇರ ಹಸಿರು. 1968ರಲ್ಲಿ ಇದೇ ವಿಯೆನ್ನಾದಲ್ಲಿ ದೇಶಗಳೆಲ್ಲ ಕೂತು ರಸ್ತೆ ಸಂಚಾರಕ್ಕೂ ಸಿಗ್ನಲ್ಲುಗಳಿಗೂ ಒಪ್ಪಂದ ಬರೆದುಕೊಂಡಿದ್ದವು. ಆಮೇಲೂ ಇಷ್ಟು ವ್ಯತ್ಯಾಸ ಉಳಿದಿದೆ.

ಹಿಂದಿನ ಕಥೆ ಇನ್ನೂ ಮಜಾ. ಆಸ್ಟ್ರಿಯಾ ಒಂದೇ ದೇಶ, ಆದ್ರೆ ಅದರ ಪಶ್ಚಿಮ ತುದಿಯ ವೊರಾರ್ಲ್‌ಬರ್ಗ್ 1921ರಲ್ಲಿ ಬಲಕ್ಕೆ ಹೋಯ್ತು, ಟಿರೋಲ್ 1930ರಲ್ಲಿ. ವಿಯೆನ್ನಾ ಬಲಕ್ಕೆ ಬಂದಿದ್ದು 1938ರಲ್ಲಿ, ಹಿಟ್ಲರ್ ದೇಶವನ್ನೇ ನುಂಗಿದ ಮೇಲೆ. ಸ್ವೀಡನ್ನಿನ ಜನ 1955ರಲ್ಲಿ ಮತ ಹಾಕಿ, ನೂರಕ್ಕೆ 83 ಮಂದಿ "ಬಲ ಬೇಡ" ಅಂದಿದ್ದರು. ಆದ್ರೆ ನೆರೆಯ ನಾರ್ವೆ, ಫಿನ್‌ಲ್ಯಾಂಡ್ ಎಲ್ಲ ಬಲಗಡೆ. ಕೊನೆಗೆ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಗಾಡಿಗಳನ್ನೆಲ್ಲ ನಿಲ್ಲಿಸಿ, ಬದಿ ಬದಲಿಸಿ, 5 ಗಂಟೆಗೆ ಮತ್ತೆ ಬಿಟ್ಟರು. ಅದಕ್ಕೂ ಮೊದಲು ಹಾಲಿನ ಪೊಟ್ಟಣ, ಒಳಉಡುಪುಗಳ ಮೇಲೂ ಈ ಸುದ್ದಿಯ ಗುರುತು ಅಚ್ಚು ಹಾಕಿಸಿದ್ದರು. ಗೊತ್ತಾಗದ ಮನುಷ್ಯ ಒಬ್ಬನೂ ಉಳಿಯಬಾರದಿತ್ತು.

ಇದನ್ನೆಲ್ಲ ಓದುವಾಗ ನಮ್ಮ ಲಿಂಗಸುಗೂರು ನೆನಪಾಯ್ತು. 1948ರ ತನಕ ನಮ್ಮದು ನಿಜಾಮರ ಸೀಮೆ. ಮುದಗಲ್ ದಾಟಿ ಹುನಗುಂದಕ್ಕೆ ಹೋದ್ರೆ ಮುಂಬೈ ಪ್ರಾಂತ. ಸಿಂಧನೂರು ದಾಟಿ, ತುಂಗಭದ್ರೆಯ ಆಚೆ ಸಿರಗುಪ್ಪಕ್ಕೆ ಹೋದ್ರೆ ಮದ್ರಾಸ್ ಪ್ರಾಂತ. ಗಡಿಯಲ್ಲಿ ಕರೋಡಗಿರಿ ನಾಕಾ, ಸುಂಕ. ರೊಕ್ಕವೂ ಬೇರೆ: ಬ್ರಿಟಿಷರ 6 ರೂಪಾಯಿಗೆ ನಮ್ಮ ಹಾಲಿ ಸಿಕ್ಕಾ ಸುಮಾರು 7. ಈಚೆ ಕಚೇರಿಯಲ್ಲಿ ಉರ್ದು, ಆಚೆ ಇಂಗ್ಲಿಷ್. ಎಲ್ಲ ಬದಲಾಗ್ತಿತ್ತು, ಒಂದನ್ನು ಬಿಟ್ಟು. ಮೂರೂ ಕಡೆ ಗಾಡಿ ಎಡಕ್ಕೇ ಹೋಗ್ತಿತ್ತು. ನಿಜಾಮರು 1932ರಲ್ಲಿ 27 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಶುರು ಮಾಡಿದಾಗಲೂ ಹಾಗೇ. ಅತ್ತ ಪೋರ್ಚುಗಲ್ 1928ರಲ್ಲಿ ಬಲಕ್ಕೆ ತಿರುಗಿತು, ಆದ್ರೆ ಅದರದೇ ಗೋವಾ ಎಡದಲ್ಲೇ ಉಳೀತು. ಪಕ್ಕದ ಕಾರವಾರ, ಬೆಳಗಾವಿ ಎಡಗಡೆ ಇರುವಾಗ ಅದು ಬಲಕ್ಕೆ ಹೋಗಿ ಏನು ಮಾಡಬೇಕು?

ಅಂದ್ರೆ ಎಡಗಡೆ ಅನ್ನೋದರಲ್ಲಿ ಪವಿತ್ರವಾದ್ದು ಏನೂ ಇಲ್ಲ. ಎದುರಿಗೆ ಬರೋನೂ ಅದನ್ನೇ ಪಾಲಿಸ್ತಾನೆ ಅನ್ನೋ ನಂಬಿಕೆ, ಅಷ್ಟೇ.

ಆ ನಂಬಿಕೆ ಮೇಲೆ ನನ್ನ ಸೋದರಮಾವ ಮೂರು ವರ್ಷದ ಹಿಂದೆ ರಾತ್ರಿ ಮಸ್ಕಿಯಿಂದ ಬೈಕಿನಲ್ಲಿ ಬರ್ತಿದ್ದ. ಊರು ಹತ್ತಿರ ಬಂದಾಗ, ಡಿವೈಡರ್ ಇರೋ ರಸ್ತೆಯಲ್ಲಿ, ಭತ್ತ ತುಂಬಿದ ಟ್ರ್ಯಾಕ್ಟರ್ ಲೈಟಿಲ್ಲದೆ ಎದುರಿಗೇ ಬಂತು. ಮಾವನ ಕಾಲಿಗೆ ಈಗ ರಾಡ್ ಇದೆ. ಆಸ್ಪತ್ರೆಗೆ ಬಂದಿದ್ದ ಡ್ರೈವರ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಾ ಒಬ್ಬನ ಬರ್ತೀನೇನ್ರಿ? ಎಲ್ಲಾರೂ ಹಿಂಗ ಬರ್ತಾರ. ಅಷ್ಟು ದೂರ ಸುತ್ತಿ ಬರಾಕ ಡೀಸೆಲ್ ಯಾರು ಕೊಡ್ತಾರ?"

ಆಗ ಸಿಟ್ಟು ನೆತ್ತಿಗೇರಿತ್ತು. ಈಗ ಅನಿಸುತ್ತೆ, ಅವನು ಸುಳ್ಳು ಹೇಳಿರಲಿಲ್ಲ. ಆ ಒಂದು ಕಿಲೋಮೀಟರಿನಲ್ಲಿ ಬೇರೆಯದೇ ಒಂದು ನಿಯಮ ಹುಟ್ಟಿಕೊಂಡಿತ್ತು, ದಿನಾ ಓಡಾಡೋರು ಅದನ್ನು ಒಪ್ಪಿಕೊಂಡೂ ಬಿಟ್ಟಿದ್ದರು. ಮಾವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಮೂರು ಸರ್ಕಾರಗಳ ನಡುವೆ ಕೆಡದೆ ಉಳಿದ ಒಪ್ಪಂದ ಎರಡು ಯೂ-ಟರ್ನ್‌ಗಳ ನಡುವೆ ಮುರಿದುಬಿತ್ತು.

ಈ ದೀಪಾವಳಿಗೆ ಊರಿಗೆ ಹೋದಾಗ ಮಾವನನ್ನು ಹಿಂದೆ ಕೂರಿಸ್ಕೊಂಡು ಅದೇ ರಸ್ತೆಯಲ್ಲಿ ಹೊರಟಿದ್ದೆ. ಪೆಟ್ರೋಲ್ ಬಂಕ್ ಡಿವೈಡರಿನ ಆಚೆ ಕಾಣ್ತಿತ್ತು. ನಾನು ಹಿಂದೆ ಮುಂದೆ ನೋಡೋದನ್ನ ಕಂಡು ಮಾವ ಹೆಗಲು ತಟ್ಟಿದ: "ಸುತ್ತಿ ಹೋಗು ಅಳಿಯಾ. ಹೊತ್ತಾದ್ರೂ ಅಡ್ಡಿಯಿಲ್ಲ."

ಸುತ್ತಿ ಬಂದೆವು. ಎದುರಿನಿಂದ ಎರಡು ಬೈಕು ಬಂದವು. ಹಾರ್ನ್ ಹೊಡೆದು, ನೀವೇ ಸರೀರಿ ಅಂತ ಕೈ ಮಾಡಿದ್ರು. ಸರಿದೆವು.