ಅರ್ಧ ಮನೆಗೆ ಕತ್ತಲೆ

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. "ಮೇಷ್ಟ್ರೇ, ನಡುಮನೆಯಲ್ಲಿ ದೀಪ ಉರಿಯುತ್ತಿದೆ. ಅಡುಗೆಮನೆ, ಬಚ್ಚಲುಮನೆ ಎರಡೂ ಕತ್ತಲು. ಕರೆಂಟು ಹೋದರೆ ಪೂರ್ತಿ ಹೋಗಬೇಕಲ್ಲವೆ?" ಎಂದು ಕೇಳಿದ. ನಾನು ಮರುಪ್ರಶ್ನೆ ಹಾಕಿದೆ: "ಉರಿಯುವ ದೀಪ ಎಂದಿನಂತಿದೆಯೋ, ಮಂಕಾಗಿದೆಯೋ, ಎಂದಿಗಿಂತ ಹೆಚ್ಚು ಬೆಳಗುತ್ತಿದೆಯೋ?" ಎಂದಿನಂತಿದೆ ಎಂದ. ನನಗೆ ಸಮಾಧಾನವಾಯಿತು. ಈ ಪ್ರಶ್ನೆಯನ್ನು ನಾನು ಕಲಿತ ಸಂದರ್ಭವನ್ನು ಹೇಳಬೇಕಾಗಿದೆ. ಅದರೊಡನೆ, ತರಗತಿಯಲ್ಲಿ ನಾನು ಹೇಳಿಕೊಟ್ಟ ಒಂದು ತಪ್ಪನ್ನು ಹಿಂತೆಗೆದುಕೊಳ್ಳಬೇಕಾಗಿದೆ.

ಮನೆಗೆ ಅರ್ಧ ಕತ್ತಲೆ ಕವಿಯುವುದೇಕೆ ಎಂಬುದರ ಮೂಲ 1891ರಷ್ಟು ಹಿಂದಿನದು. ಆ ವರ್ಷ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ವಿದ್ಯುತ್ ಪ್ರದರ್ಶನವೊಂದು ನಡೆಯಿತು. ಸುಮಾರು 175 ಕಿಲೋಮೀಟರ್ ದೂರದ ಲಾಫೆನ್ ಎಂಬಲ್ಲಿ ನೆಕರ್ ನದಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಅಲ್ಲಿಗೆ ಹರಿದು ಬಂದು ಸಾವಿರದಷ್ಟು ದೀಪಗಳನ್ನು ಬೆಳಗಿಸಿತು, ಒಂದು ಕೃತಕ ಜಲಪಾತವನ್ನೂ ಧುಮುಕಿಸಿತು. ಇದರ ಹಿಂದಿದ್ದವರಲ್ಲಿ ಮುಖ್ಯರು ಡೊಲಿವೊ-ಡೊಬ್ರೊವೊಲ್ಸ್ಕಿ ಎಂಬ ಇಂಜಿನಿಯರು. ಒಂದರ ಹಿಂದೊಂದು ಮೂರನೇ ಒಂದು ಆವರ್ತದಷ್ಟು ತಡವಾಗಿ ಬರುವ ಮೂರು ಪ್ರವಾಹಗಳನ್ನು ಮೂರು ತಂತಿಗಳಲ್ಲಿ ಕಳುಹಿಸಿದರೆ, ಮೂರರ ಹೊರೆಯೂ ಸಮನಾಗಿರುವವರೆಗೆ ಅವುಗಳ ಮೊತ್ತ ಸದಾ ಸೊನ್ನೆ. ಹಿಂದಿರುಗುವ ತಂತಿಯೇ ಬೇಕಿಲ್ಲ! ತಾಮ್ರದ ಉಳಿತಾಯ ಎಷ್ಟೆಂಬುದನ್ನು ಊಹಿಸಿಕೊಳ್ಳಿ.

ಇದಾದ ಹನ್ನೊಂದು ವರ್ಷಗಳಲ್ಲೇ ಇದೇ ವಿಧಾನ ನಮ್ಮ ಕಾವೇರಿಯ ದಡದಲ್ಲಿ ನಿಂತಿತೆಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ. 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಾಣಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ಮೊದಲು ಗಣಿಯ ಯಂತ್ರಗಳಿಗೆ, ಆಮೇಲೆ ಜನರ ಮನೆಗಳಿಗೆ ಎಂಬ ಈ ಕ್ರಮವನ್ನು ಗಮನಿಸಬೇಕು.

ಗಣಿಯ ಯಂತ್ರ ಮೂರು ತಂತಿಗಳಿಂದಲೂ ಸಮನಾಗಿ ಎಳೆದುಕೊಳ್ಳುತ್ತದೆ. ಗೃಹಸ್ಥರ ಮನೆ ಹಾಗಲ್ಲ. ಒಂದು ತಂತಿಯ ಮೇಲೆ ಗೀಸರ್, ಇನ್ನೊಂದರ ಮೇಲೆ ಒಂದೇ ಒಂದು ದೀಪ. ಈ ಅಸಮತೆಯನ್ನು ಹೊತ್ತು ಹಿಂದಿರುಗಲು ನಾಲ್ಕನೆಯ ತಂತಿ ಬೇಕಾಯಿತು. ಅದೇ ನ್ಯೂಟ್ರಲ್. ಅದಿರುವವರೆಗೆ ಪ್ರತಿ ಫೇಸಿಗೂ ಸುಮಾರು 230 ವೋಲ್ಟ್. ಎರಡು ಫೇಸುಗಳ ನಡುವೆ 400.

ಹೀಗಾಗಿ ಮೂರು ಫೇಸಿನ ಮನೆಯಲ್ಲಿ ಒಂದು ಫೇಸ್ ಹೋದರೆ ಅದರ ಕೋಣೆಗಳಷ್ಟೇ ಕತ್ತಲಾಗುತ್ತವೆ, ಉಳಿದವು ಎಂದಿನಂತೆ. ಮೊದಲು ನೆರೆಮನೆಗಳನ್ನು ನೋಡಬೇಕು. ಅಲ್ಲಿಯೂ ಹೀಗೇ ಇದ್ದರೆ ದೋಷ ಕಂಬದಲ್ಲಿ. ಇಲ್ಲದಿದ್ದರೆ ನಮ್ಮ ಫ್ಯೂಸಿನಲ್ಲೋ, ಕಂಬದಿಂದ ನಮಗೆ ಬರುವ ತಂತಿಯಲ್ಲೋ. ಬೀದಿಯುದ್ದಕ್ಕೂ ಕೆಲವು ಮನೆಗಳಲ್ಲಿ ದೀಪ ಚೆನ್ನಾಗಿದ್ದು ಉಳಿದವುಗಳಲ್ಲಿ ಮಂಕಾಗಿದ್ದರೆ, ಟ್ರಾನ್ಸ್‌ಫಾರ್ಮರಿಗೆ ಬರುವ ಮೂರು ತಂತಿಗಳಲ್ಲಿ ಒಂದು ಹೋಗಿರುವ ಸಂಭವವಿದೆ. ಆಗ ಎರಡು ಫೇಸುಗಳಲ್ಲಿ ಅರ್ಧ ವೋಲ್ಟೇಜ್ ಮಾತ್ರ ಉಳಿಯುತ್ತದೆ. ಒಂದು ಫೇಸ್ ಹೋದದ್ದು ತಿಳಿಯದೆ ಪಂಪ್‌ಸೆಟ್ ಓಡಿಸಿ ಮೋಟಾರು ಸುಟ್ಟುಕೊಂಡ ರೈತರು ನಮ್ಮ ಕಡೆ ಎಷ್ಟು ಮಂದಿ ಎಂಬುದು ಓದುಗರಲ್ಲಿ ಹಲವರಿಗೆ ಗೊತ್ತು.

ದೀಪ ಎಂದಿಗಿಂತ ಹೆಚ್ಚು ಬೆಳಗುವುದಿದೆಯಲ್ಲ, ಭಯಪಡಬೇಕಾದದ್ದು ಅದಕ್ಕೆ. 1989ರ ಮೇ ತಿಂಗಳಲ್ಲಿ ಗಾಳಿಮಳೆಯ ಒಂದು ಸಂಜೆ ನಮ್ಮ ಬಚ್ಚಲಿನ ಗೀಸರ್ ಕಾಯುತ್ತಿತ್ತು. ನಡುಮನೆಯ 60 ವ್ಯಾಟಿನ ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಂತೆ ಬೆಳಗಿತು. ನನ್ನ ಪತ್ನಿ "ಮೇನ್ ಸ್ವಿಚ್ ತೆಗೀರಿ" ಎಂದು ಕೂಗಿದಳು. ನಾನು ವಿಜ್ಞಾನದ ಮೇಷ್ಟರು. ಫ್ಯೂಸ್ ಪರೀಕ್ಷಿಸುತ್ತ ನಿಂತೆ. ಬಲ್ಬು ಸಿಡಿಯಿತು. ತಂದೆಯವರ ಕಾಲದ ವಾಲ್ವ್ ರೇಡಿಯೋದಿಂದ ಹೊಗೆ ಬಂತು. ಆಗಲೂ ನನಗೆ ಹೊಳೆಯಲಿಲ್ಲ. ಏಣಿ ಹಾಕಿ ಹೊರಗೋಡೆಯಲ್ಲಿ ನೋಡಿದರೆ ನ್ಯೂಟ್ರಲ್ ಜೋಡಣೆ ಕಳಚಿಕೊಂಡಿತ್ತು. "ನ್ಯೂಟ್ರಲ್ ಮುಟ್ಟಿದರೆ ಏನೂ ಆಗುವುದಿಲ್ಲ" ಎಂದು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದವನು ನಾನೇ. ಕೈ ಚಾಚಿದೆ.

"ಸಾರ್, ಮುಟ್ಟಬೇಡಿ!" ದಾರಿಯಲ್ಲಿ ಹೋಗುತ್ತಿದ್ದ ಲೈನ್‌ಮನ್ ಕೂಗಿದ. ನನ್ನನ್ನು ಇಳಿಸಿ ತಾನು ಹತ್ತಿದ. ಮನೆಯ ಕಡೆಯ ತುದಿಗೆ ಟೆಸ್ಟರ್ ತಾಗಿಸಿದ. ಪುಟ್ಟ ದೀಪ ಕೆಂಪಗೆ ಹತ್ತಿತು.

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ನ್ಯೂಟ್ರಲ್ ಕಳಚಿದಾಗ ಒಂದು ಫೇಸಿನ ಗೀಸರ್, ಇನ್ನೊಂದರ ಬಲ್ಬು ಎರಡೂ 400 ವೋಲ್ಟಿನ ನಡುವೆ ಸಾಲಾಗಿ ಸಿಕ್ಕಿಕೊಳ್ಳುತ್ತವೆ. ಕಡಿಮೆ ಎಳೆಯುವ ವಸ್ತುವಿನ ಮೇಲೇ ಹೆಚ್ಚು ಒತ್ತಡ ಬೀಳುತ್ತದೆ. ಆ ಎರಡೇ ಇದ್ದರೆ, ಸಾವಿರ ವ್ಯಾಟಿನ ಗೀಸರಿಗೆ ಇಪ್ಪತ್ತು ಚಿಲ್ಲರೆ ವೋಲ್ಟ್, ಬಲ್ಬಿಗೆ ಸುಮಾರು 375. ಮನೆಯ ಕಡೆಯ ನ್ಯೂಟ್ರಲ್ ತುದಿಯಾದರೋ ಫೇಸಿನಷ್ಟೇ ಅಪಾಯಕಾರಿ.

ಆದುದರಿಂದ ನನ್ನ ತರಗತಿಯಲ್ಲಿ ಕುಳಿತವರೆಲ್ಲ ಆ ವಾಕ್ಯವನ್ನು ದಯವಿಟ್ಟು ಮರೆತುಬಿಡಿ. ಕಳಚಿದ ನ್ಯೂಟ್ರಲ್ಲನ್ನು ಮುಟ್ಟಬಾರದು. ದೀಪ ವಿಪರೀತ ಬೆಳಗಿದರೆ ಮೊದಲು ಮೇನ್ ಸ್ವಿಚ್ ತೆಗೆಯಬೇಕು, ಯೋಚನೆ ಆಮೇಲೆ. ಈಗಿನ ಎಷ್ಟೋ ಎಲ್‌ಇಡಿ ದೀಪಗಳು ವೋಲ್ಟೇಜ್ ಏರಿಳಿದರೂ ಒಂದೇ ಸಮನೆ ಬೆಳಗುವುದರಿಂದ, ಫ್ಯಾನಿನ ವೇಗವನ್ನೂ ಗಮನಿಸಿ.

ಫೋನ್ ಮಾಡಿದ್ದ ಹುಡುಗ (ಅವನಿಗೀಗ ಐವತ್ತು ದಾಟಿದೆ) ಮರುದಿನ ತಿಳಿಸಿದ: ಕಂಬದ ಮೇಲಿನ ಫ್ಯೂಸ್ ಹೋಗಿತ್ತಂತೆ, ಲೈನ್‌ಮನ್ ಬಂದು ಹತ್ತು ನಿಮಿಷದಲ್ಲಿ ಹಾಕಿ ಹೋದನಂತೆ. ನಮ್ಮ ರೇಡಿಯೋ ಮಾತ್ರ ಸರಿಯಾಗಲಿಲ್ಲ. ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ.